ಬಂಡೆ ಓತಿಯ ಹಿಕ್ಕೆಯಲ್ಲಿ ಜಂತುಹುಳು ಹುಡುಕುವ ಬಗೆ: ನಗರದಂಚಿನ ಅಧ್ಯಯನಕ್ಕೊಂದು ಕೈಪಿಡಿ

ಬೆಂಗಳೂರಿನ ಸುತ್ತ ಬಂಡೆ ಉಳಿದಿರುವ ಕಡೆ ಬಂಡೆ ಓತಿಯೂ ಉಳಿದಿದೆ. ತುರಹಳ್ಳಿ, ಸಾವನದುರ್ಗ, ರಾಮನಗರ, ನಂದಿಬೆಟ್ಟದ ಬುಡ, ಎಲ್ಲೆಲ್ಲೂ ಕಾಣುತ್ತದೆ. ವೈಜ್ಞಾನಿಕ ಹೆಸರು ಸ್ಯಾಮ್ಮೊಫಿಲಸ್ ಡಾರ್ಸಾಲಿಸ್. ಬೆದೆಗಾಲದಲ್ಲಿ ಗಂಡಿನ ಬೆನ್ನು ಹಳದಿಗೋ ಕೆಂಪಿಗೋ ತಿರುಗಿ, ಪಕ್ಕೆ ಕಪ್ಪಾಗಿ ದೂರಕ್ಕೂ ಎದ್ದು ಕಾಣುತ್ತದೆ. ಹೆಣ್ಣು, ಮರಿಗಳು ಮಾತ್ರ ಕಲ್ಲಿನ ಬಣ್ಣದವೇ. ಬಂಡೆ ಸಿಡಿಸಿ ಲೇಔಟ್ ಮಾಡಿದ ಮೇಲೂ ಈ ಪ್ರಾಣಿ ಜಾಗ ಬಿಡುವುದಿಲ್ಲ. ಸೈಜುಗಲ್ಲಿನ ಕಾಂಪೌಂಡ್, ಖಾಲಿ ಸೈಟಿನ ಜಲ್ಲಿ ರಾಶಿ, ಅರ್ಧಕ್ಕೆ ನಿಂತ ಕಟ್ಟಡ ಇವೆಲ್ಲವನ್ನೂ ಬಂಡೆಯಂತೆಯೇ ಬಳಸಿಕೊಳ್ಳುತ್ತದೆ. ಸುರಕ್ಷಿತವಾದ ಅಡಗುತಾಣ ಯಾವುದೆಂದು ಊರಂಚಿನ ಓತಿಗಳು ಹಳ್ಳಿಗಾಡಿನವಕ್ಕಿಂತ ಬೇಗ ಕಲಿಯುತ್ತವೆ ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2019ರಲ್ಲಿ ತೋರಿಸಿದರು. ಹೊರಗಿನ ನಡವಳಿಕೆ ಹೀಗೆ ಬದಲಾದರೆ ಹೊಟ್ಟೆಯೊಳಗಿನ ಹುಳುಗಳ ಕಥೆ ಏನು ಎಂದು ತಿಳಿಯಲು ಓತಿಯನ್ನು ಕೊಲ್ಲಬೇಕಿಲ್ಲ, ಹಿಡಿಯಲೂ ಬೇಕಿಲ್ಲ. ಹಿಕ್ಕೆ, ಅಡಿಗೆ ಉಪ್ಪು, ಒಂದು ಸಾಧಾರಣ ಸೂಕ್ಷ್ಮದರ್ಶಕ ಇದ್ದರೆ ಬಹುಪಾಲು ಕೆಲಸ ಆಗುತ್ತದೆ.

ಶುರುವಿನಲ್ಲೇ ಒಂದು ಮಾತು: "ನಗರದ ಓತಿಗೆ ಹುಳು ಹೆಚ್ಚೋ ಕಡಿಮೆಯೋ" ಎಂಬ ಒಂದೇ ಪ್ರಶ್ನೆ ಇಟ್ಟುಕೊಂಡು ಹೊರಟರೆ ಉತ್ತರ ಸಿಗುವುದಿಲ್ಲ. ಹುಳುಗಳು ಓತಿಯೊಳಗೆ ಬರುವ ದಾರಿಗಳು ಬೇರೆ ಬೇರೆ. ನಗರ ಒಂದು ದಾರಿಯನ್ನು ಅಗಲ ಮಾಡಬಹುದು, ಇನ್ನೊಂದನ್ನು ಮುಚ್ಚಬಹುದು. ಎಲ್ಲ ಮೊಟ್ಟೆಗಳನ್ನೂ ಒಂದೇ ಮೊತ್ತಕ್ಕೆ ಸೇರಿಸಿದರೆ ಏರಿಕೆಯೂ ಇಳಿಕೆಯೂ ಒಂದನ್ನೊಂದು ಅಳಿಸಿಹಾಕುತ್ತವೆ. ಲೆಕ್ಕ ಮೊದಲಿನಿಂದ ಕೊನೆಯವರೆಗೂ ಬಗೆವಾರಾಗಿಯೇ ಇರಲಿ.

ಯಾವ ಹುಳು, ಯಾವ ದಾರಿ

ಮೊದಲನೆಯವು ಪಿನ್‌ವರ್ಮ್‌ಗಳು. ಪ್ಯಾರಾಫ್ಯಾರಿಂಗೊಡಾನ್, ಥೆಲ್ಯಾಂಡ್ರಾಸ್, ಸ್ಪಾಲಿಗೊಡಾನ್ ಮುಂತಾದ ಕುಲಗಳು ಹಲ್ಲಿ-ಓತಿಗಳ ಕರುಳಿನ ಕೊನೆಯ ಭಾಗದಲ್ಲಿ ಇರುತ್ತವೆ. ಇವಕ್ಕೆ ನಡುವೆ ಬೇರೆ ಪ್ರಾಣಿ ಬೇಕಿಲ್ಲ. ಹಿಕ್ಕೆಯೊಂದಿಗೆ ಮೊಟ್ಟೆ ಹೊರಬೀಳುತ್ತದೆ, ಬೆಳೆಯುತ್ತದೆ, ಇನ್ನೊಂದು ಓತಿ ಮಣ್ಣು, ಕಲ್ಲು ನೆಕ್ಕುವಾಗಲೋ ಬೇಟೆ ನುಂಗುವಾಗಲೋ ಒಳಗೆ ಹೋಗುತ್ತದೆ. ಫಲಿತವಾಗದ ಮೊಟ್ಟೆಯಿಂದ ಗಂಡು ಹುಟ್ಟುವುದರಿಂದ, ಒಂದೇ ಹೆಣ್ಣುಹುಳು ಸೇರಿದರೂ ಸಂತತಿ ಶುರುವಾಗಬಲ್ಲದು. ಹತ್ತು ಓತಿ ಒಂದೇ ಕಾಂಪೌಂಡಿನ ಮೇಲೆ ಬಿಸಿಲು ಕಾಯುವ ಬಡಾವಣೆಯಲ್ಲಿ ಇಂಥ ಹುಳುವಿಗೆ ಅನುಕೂಲ ಎಂದು ಊಹಿಸಲು ಕಾರಣವಿದೆ. ಅದೇ ಕಾಂಪೌಂಡಿನ ಕಾದ ಸಿಮೆಂಟಿನ ಮೇಲೆ ಮೊಟ್ಟೆ ಒಣಗಿ ಸಾಯುವ ಸಂಭವವೂ ಇದೆ. ಈ ಎರಡರಲ್ಲಿ ಯಾವುದು ಮೇಲಾಗುತ್ತದೆ ಎಂಬುದನ್ನು ಆಯಾ ಜಾಗದಲ್ಲಿ ಅಳೆದೇ ನೋಡಬೇಕು.

ಎರಡನೆಯವು ಕೀಟದ ಮೂಲಕ ಬರುವವು. ಜಠರದಲ್ಲಿ ಕಚ್ಚಿಕೊಂಡಿರುವ ಫೈಸಲಾಪ್ಟೆರಾ ಗುಂಪಿನ ದುಂಡುಹುಳುಗಳು ಜಿರಳೆ, ಮಿಡತೆ, ಜೀರುಂಡೆಗಳ ಒಳಗೆ ಒಂದು ಹಂತ ಕಳೆಯುತ್ತವೆ. ಊಕೊರಿಸ್ಟಿಕಾ ಎಂಬ ಲಾಡಿಹುಳುವಿಗೂ ಜೀರುಂಡೆ ಬೇಕು. ಓತಿ ಏನು ತಿನ್ನುತ್ತದೆ ಎಂಬುದರ ಮೇಲೆ ಇವುಗಳ ಲೆಕ್ಕ ನಿಂತಿದೆ. ಬೀದಿದೀಪ, ಕಸದ ರಾಶಿ, ಮುಚ್ಚಿದ ಮಣ್ಣು, ಕೀಟನಾಶಕ ಎಲ್ಲವೂ ಈ ದಾರಿಯನ್ನು ಮುಟ್ಟುತ್ತವೆ.

ಮೂರನೆಯದು ಪಿತ್ತಕೋಶದ ಚಪ್ಪಟೆ ಹುಳು, ಪ್ಯಾರಾಡಿಸ್ಟೋಮಮ್. ಇದರ ಜೀವನಚಕ್ರದಲ್ಲಿ ಬಸವನಹುಳು ಇರಲೇಬೇಕು. ಹೂಕುಂಡಕ್ಕೆ ನೀರು ಬೀಳುವ ಕೈತೋಟದಲ್ಲಿ ಸಿಗುವ ಸಾಧ್ಯತೆ ಒಣ ಬಂಡೆಯ ಮೇಲಿನದಕ್ಕಿಂತ ಹೆಚ್ಚು.

ರಕ್ತದ ಹುಳುಗಳು ಬೇರೆಯೇ ಗುಂಪು. ಮದ್ರಾಸಿನ ಗಿಂಡಿಯ ಹೆಸರನ್ನೇ ಹೊತ್ತ ಕೊನಿಸ್ಪಿಕ್ಯುಲಮ್ ಗಿಂಡಿಯೆನ್ಸಿಸ್ ಎಂಬ ಫೈಲೇರಿಯಾ ಹುಳುವನ್ನು ನಮ್ಮ ತೋಟದ ಓತಿಕ್ಯಾತದಲ್ಲಿ ಗುರುತಿಸಿ, ಅದು ಕ್ಯೂಲೆಕ್ಸ್ ಸೊಳ್ಳೆಯೊಳಗೆ ಬೆಳೆಯುವುದನ್ನು 1929ರಲ್ಲೇ ವಿವರಿಸಲಾಗಿತ್ತು. ಅದೇ ಸೊಳ್ಳೆ ಇಂದು ನಮ್ಮ ಚರಂಡಿ ನೀರಿನಲ್ಲಿ ಮರಿ ಮಾಡುತ್ತಿದೆ. ಆದರೆ ಈ ಹುಳುವಿನ ಮರಿಗಳು ರಕ್ತದಲ್ಲಿ ಇರುತ್ತವೆ, ಹಿಕ್ಕೆಯಲ್ಲಿ ಬರುವುದಿಲ್ಲ. ಇಲ್ಲಿ ಹೇಳುವ ವಿಧಾನಕ್ಕೆ ಇವು ಸಿಗವು. ವರದಿಯಲ್ಲಿ ಅದನ್ನು ಸ್ಪಷ್ಟವಾಗಿ ಬರೆಯಿರಿ.

ಅನುಮತಿ

ಕಾಡುಪ್ರಾಣಿಯನ್ನು ಹಿಡಿಯುವುದು, ರಕ್ತ ತೆಗೆಯುವುದು, ಸತ್ತದ್ದನ್ನು ಕೊಯ್ಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುವ ಸಂಗತಿಗಳು. ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಅನುಮತಿ ಪಡೆದೇ ಮುಟ್ಟಬೇಕು; ಸಂಸ್ಥೆಯಲ್ಲಿದ್ದರೆ ಪ್ರಾಣಿ ನೀತಿ ಸಮಿತಿಯ ಒಪ್ಪಿಗೆಯೂ ಬೇಕು. ಬರೀ ಹಿಕ್ಕೆ ಆರಿಸುವುದಾದರೂ ರಾಮದೇವರ ಬೆಟ್ಟದ ರಣಹದ್ದು ಧಾಮದಂಥ ರಕ್ಷಿತ ಪ್ರದೇಶಕ್ಕೆ, ಯಾವುದೇ ಮೀಸಲು ಅರಣ್ಯಕ್ಕೆ ಕೇಳದೆ ಕಾಲಿಡಬೇಡಿ. ಖಾಸಗಿ ಲೇಔಟಿನಲ್ಲಿ ಕಾವಲುಗಾರರಿಗೆ ಮೊದಲೇ ಹೇಳಿ. ಬೆಳಗ್ಗೆ ಬೆಳಗ್ಗೆ ಯಾರದೋ ಕಾಂಪೌಂಡಿನ ಮೇಲೆ ಬಗ್ಗಿ ಏನೋ ಕೆರೆಯುವವರನ್ನು ಕಂಡರೆ ಅನುಮಾನ ಬರುವುದು ಸಹಜ.

ಜಾಗ ಆರಿಸುವುದು

ಇಂಥ ಅಧ್ಯಯನಗಳು ಹೆಚ್ಚಾಗಿ ಕೆಡುವುದು ಇಲ್ಲಿ. ನಗರದಲ್ಲಿ ಒಂದು ಜಾಗ, ಹಳ್ಳಿಯಲ್ಲಿ ಒಂದು ಜಾಗ ಆರಿಸಿ, ತಲಾ ನೂರು ಹಿಕ್ಕೆ ನೋಡಿದರೂ ಹೋಲಿಕೆ ಎರಡು ಜಾಗಗಳದ್ದೇ ಹೊರತು ನಗರ-ಹಳ್ಳಿಯದ್ದಲ್ಲ. ಆ ಎರಡು ಜಾಗಗಳು ಮಣ್ಣು, ನೀರು, ನೆರಳು, ಕಲ್ಲಿನ ಬಗೆಯಲ್ಲೂ ಬೇರೆ ಇರುತ್ತವಲ್ಲ. ಕನಿಷ್ಠ ಮೂರು ನಗರದ ಜಾಗ, ಮೂರು ಹಳ್ಳಿಗಾಡಿನ ಜಾಗ ಇರಲಿ. ಸಾಧ್ಯವಾದರೆ ಈಗಷ್ಟೇ ಲೇಔಟ್ ಏಳುತ್ತಿರುವ ಮೂರು ಜಾಗಗಳನ್ನೂ ಸೇರಿಸಿ. ಬದಲಾವಣೆ ನಡೆಯುತ್ತಿರುವುದು ಅಲ್ಲೇ ಆದ್ದರಿಂದ ಆ ಮೂರನೆಯ ಗುಂಪನ್ನು ಆದಷ್ಟು ಬಿಡಬೇಡಿ.

"ನಗರ" ಎಂಬುದನ್ನು ಕಣ್ಣಂದಾಜಿನಲ್ಲಿ ತೀರ್ಮಾನಿಸಬೇಡಿ. ಪ್ರತಿ ಜಾಗದ ಸುತ್ತ 100 ಮೀಟರ್ ವೃತ್ತ ಹಾಕಿ, ಉಪಗ್ರಹ ಚಿತ್ರದಲ್ಲಿ ಕಟ್ಟಡ-ರಸ್ತೆ ಎಷ್ಟು ಪಾಲು, ಬಂಡೆ ಎಷ್ಟು, ಗಿಡ-ಹುಲ್ಲು ಎಷ್ಟು ಎಂದು ಅಳೆಯಿರಿ. ಹತ್ತಿರದ ಬೀದಿದೀಪಕ್ಕೆ, ತೆರೆದ ಚರಂಡಿಗೆ, ಕಸ ಸುರಿಯುವ ಜಾಗಕ್ಕೆ ಎಷ್ಟು ದೂರ ಎಂದೂ ಬರೆದುಕೊಳ್ಳಿ. ಎಲ್ಲ ಜಾಗಗಳಿಂದಲೂ ಒಂದೇ ವಾರದೊಳಗೆ ಸಂಗ್ರಹ ಮುಗಿಯಬೇಕು. ನಗರದ ಮಾದರಿ ಏಪ್ರಿಲ್‌ನದು, ಹಳ್ಳಿಯದು ಜುಲೈನದು ಆದರೆ ನೀವು ಅಳೆದದ್ದು ಮುಂಗಾರನ್ನು.

ಹಿಕ್ಕೆ ಗುರುತಿಸಿ ಸಂಗ್ರಹಿಸುವುದು

ಓತಿಯ ಹಿಕ್ಕೆಗೆ ಎರಡು ಭಾಗ: ಕಂದು ಅಥವಾ ಕಪ್ಪು ಬಣ್ಣದ ಗಟ್ಟಿ ಉರುಳೆ, ಅದರ ಒಂದು ತುದಿಗೆ ಬಿಳಿಯ ಯೂರಿಕ್ ಆಮ್ಲದ ಗಡ್ಡೆ. ಹಕ್ಕಿಯ ಹಿಕ್ಕೆಯಲ್ಲಿ ಬಿಳಿ ಎಲ್ಲೆಡೆ ಹರಡಿ ಕಲಸಿಹೋಗಿರುತ್ತದೆ. ಮನೆಹಲ್ಲಿಯ ಹಿಕ್ಕೆಯೂ ಓತಿಯದರಂತೆಯೇ ಎರಡು ಬಣ್ಣದ್ದು, ಆದರೆ ತೀರಾ ಚಿಕ್ಕದು, ದೀಪದ ಕೆಳಗೆ, ಗೋಡೆಯ ಸಂದಿಯಲ್ಲಿ ಸಿಗುತ್ತದೆ. ಕಪ್ಪೆಯದಕ್ಕೆ ಬಿಳಿ ಗಡ್ಡೆ ಇರುವುದಿಲ್ಲ. ಹಾವುರಾಣಿಯದು ಮಾತ್ರ ಗೊಂದಲ ಹುಟ್ಟಿಸುತ್ತದೆ. ಅದು ಎತ್ತರದ ಬಂಡೆಯ ನೆತ್ತಿಗಿಂತ ಬುಡದ ಎಲೆಕಸದಲ್ಲಿ ಹೆಚ್ಚು. ಎಲ್ಲಕ್ಕಿಂತ ಖಚಿತವಾದ ದಾರಿ, ದುರ್ಬೀನಿನಲ್ಲಿ ಓತಿಯನ್ನೇ ನೋಡುತ್ತ ಕೂತು ಅದು ಹಿಕ್ಕೆ ಹಾಕಿದ ಮೇಲೆ ಹೋಗಿ ಎತ್ತುವುದು. ಆಗ ಗಂಡೋ ಹೆಣ್ಣೋ ಮರಿಯೋ ಎಂಬುದೂ ದಾಖಲಾಗುತ್ತದೆ. ನಿಧಾನದ ಕೆಲಸ, ಆದರೆ ಇಂಥ 1 ಮಾದರಿಗೆ ಯಾರದೆಂದು ಗೊತ್ತಿಲ್ಲದ 5 ಮಾದರಿಗಳ ಬೆಲೆ ಇದೆ.

ಹೊತ್ತು ಮುಖ್ಯ. ಬೆಳಗಿನ ಬಿಸಿಲು ಕಾಯಲು ಓತಿ ಹೊರಬಂದ ಮೇಲೆ, ಅಂದಾಜು ಎಂಟೂವರೆಯಿಂದ ಹನ್ನೊಂದರವರೆಗೆ ಹುಡುಕಿ. ಒತ್ತಿದರೆ ಮೆತ್ತಗಿರುವ, ಬಿಳಿ ಗಡ್ಡೆ ಇನ್ನೂ ಪುಡಿಯಾಗದ ಹಿಕ್ಕೆಯನ್ನೇ ಆರಿಸಿ. ಒಣಗಿದ್ದನ್ನು ಬಿಡಿ: ಮೊಟ್ಟೆ ಕುಗ್ಗಿ ಆಕಾರ ಕೆಟ್ಟಿರುತ್ತದೆ. ಮಣ್ಣಿಗೆ ತಾಗಿ ಗಂಟೆಗಟ್ಟಲೆ ಬಿದ್ದಿದ್ದರೆ ಮಣ್ಣಿನ ಸ್ವತಂತ್ರ ದುಂಡುಹುಳುಗಳು ಒಳಹೊಕ್ಕು ಓತಿಯ ಹುಳುಗಳಂತೆ ನಿಮ್ಮನ್ನು ಮೋಸಗೊಳಿಸುತ್ತವೆ. ಅದಕ್ಕೇ ಕಲ್ಲಿನ ಮೇಲೆ ಬಿದ್ದದ್ದು ಉತ್ತಮ. ಮಣ್ಣಿನ ಮೇಲಿದ್ದರೆ ನೆಲಕ್ಕೆ ತಾಗಿದ ಪದರ ಬಿಟ್ಟು ಮೇಲಿನದನ್ನು ಮಾತ್ರ ತೆಗೆಯಿರಿ.

ಒಂದು ಬಂಡೆಯಿಂದ, ಪ್ರತಿ ಸಲದ ಸಂಗ್ರಹಕ್ಕೆ, ಒಂದೇ ಹಿಕ್ಕೆ. ಗಂಡು ಓತಿ ತನ್ನ ಎಲ್ಲೆ ಕಾಯುವ ಪ್ರಾಣಿ. ಅದೇ ಬಂಡೆಯ ಐದು ಹಿಕ್ಕೆ ಅದೇ ಓತಿಯದಾಗಿರುವ ಸಂಭವ ಹೆಚ್ಚು. ಐದು ಓತಿ ಎಂದು ಎಣಿಸಿದರೆ ಲೆಕ್ಕ ಸುಳ್ಳಾಗುತ್ತದೆ.

ಕೈಗವಸು ಹಾಕಿ, ಪ್ರತಿ ಮಾದರಿಗೂ ಹೊಸ ಐಸ್‌ಕ್ರೀಂ ಕಡ್ಡಿ ಬಳಸಿ, 5 ಮಿ.ಲೀ. ತಿರುಪು ಮುಚ್ಚಳದ ಸೀಸೆಗೆ ಹಾಕಿ. ಹಲ್ಲಿ-ಓತಿಗಳ ಕರುಳಿನಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಸಾಮಾನ್ಯ, ಹಾಗಾಗಿ ಕೆಲಸ ಮುಗಿಯುವವರೆಗೆ ಕೈ ಬಾಯಿಗೆ ಹೋಗಬಾರದು. ಅವುಗಳ ಪಿನ್‌ವರ್ಮ್ ಮನುಷ್ಯರಿಗೆ ಅಂಟುವುದಿಲ್ಲ. ಸೀಸೆಯ ಮೇಲೆ ಪೆನ್ಸಿಲಿನಲ್ಲಿ ಬರೆದ ಚೀಟಿ ಅಂಟಿಸಿ, ಇನ್ನೊಂದು ಚೀಟಿ ಒಳಗೂ ಹಾಕಿ. ಮಾರ್ಕರ್ ಶಾಯಿ ಸ್ಪಿರಿಟ್ ತಾಗಿದ ಕೂಡಲೇ ಅಳಿಸಿಹೋಗುತ್ತದೆ.

ಅದೇ ದಿನ ನೋಡುವುದಾದರೆ ಐಸ್ ಡಬ್ಬಿಯಲ್ಲಿ ತಂದು ಫ್ರಿಜ್ಜಿನ 4 ಡಿಗ್ರಿಯಲ್ಲಿಡಿ. ಫ್ರೀಜರ್ ಬೇಡ, ಹೆಪ್ಪುಗಟ್ಟಿದರೆ ಮೊಟ್ಟೆ ಒಡೆಯುತ್ತದೆ. ದಿನಗಟ್ಟಲೆ ಇಡಬೇಕೆಂದರೆ ಶೇ. 10ರ ಫಾರ್ಮಲಿನ್: ಅಂಗಡಿಯ ಫಾರ್ಮಲಿನ್ 1 ಪಾಲು, ನೀರು 9 ಪಾಲು, ಹಿಕ್ಕೆಯ ಕನಿಷ್ಠ ಮೂರು ಪಟ್ಟು ದ್ರವ ಇರಬೇಕು. ಗಾಳಿಯಾಡುವ ಕಡೆಯೇ ಕಲಸಿ, ಅದರ ಹಬೆ ಕಣ್ಣಿಗೂ ಶ್ವಾಸಕ್ಕೂ ಕೆಟ್ಟದ್ದು. ಫಾರ್ಮಲಿನ್‌ಗೆ ಹೋದ ಮಾದರಿಯಿಂದ ಮುಂದೆ ಡಿಎನ್‌ಎ ಪರೀಕ್ಷೆಯ ಆಸೆ ಇಟ್ಟುಕೊಳ್ಳಬೇಡಿ. ಆ ಯೋಚನೆ ಇದ್ದರೆ ಅರ್ಧ ಹಿಕ್ಕೆಯನ್ನು ಶೇ. 95ರ ಎಥನಾಲ್‌ನಲ್ಲಿ ಬೇರೆಯಾಗಿಡಿ.

ತೇಲಿಸುವ ವಿಧಾನ

ಮೊಟ್ಟೆಗಿಂತ ದಟ್ಟವಾದ ದ್ರಾವಣದಲ್ಲಿ ಹಿಕ್ಕೆ ಕಲಸಿದರೆ ಮೊಟ್ಟೆ ಮೇಲೆ ತೇಲುತ್ತದೆ, ಕಸ ಕೆಳಗಿಳಿಯುತ್ತದೆ. ಒಂದು ಲೀಟರ್ ಬಿಸಿನೀರಿಗೆ 400 ಗ್ರಾಂ ಉಪ್ಪು ಹಾಕಿ ಕಲಕಿ, ತಣ್ಣಗಾಗಲು ಬಿಡಿ. ತಳದಲ್ಲಿ ಸ್ವಲ್ಪ ಉಪ್ಪು ಕರಗದೆ ಉಳಿದರೆ ದ್ರಾವಣ ಪೂರ್ಣವಾಗಿದೆ ಎಂದರ್ಥ. ಪುಡಿ ಉಪ್ಪಿನಲ್ಲಿ ಗಂಟಾಗದಿರಲು ಬೆರೆಸಿದ ವಸ್ತುವಿನಿಂದ ನೀರು ಮಬ್ಬಾಗುತ್ತದೆ. ದಟ್ಟ ನೇಯ್ಗೆಯ ಬಟ್ಟೆಯಲ್ಲಿ ಸೋಸಿ. ಸಾಪೇಕ್ಷ ಸಾಂದ್ರತೆ 1.20ರ ಆಸುಪಾಸಿನಲ್ಲಿರಬೇಕು. ಅಳೆಯಲು ಲ್ಯಾಕ್ಟೋಮೀಟರ್ ಆಗದು, ಅದರ ಅಳತೆ ಅಷ್ಟು ಮೇಲಕ್ಕೆ ಹೋಗುವುದಿಲ್ಲ. ವಾಹನದ ಬ್ಯಾಟರಿ ಆಸಿಡ್ ನೋಡುವ ಹೈಡ್ರೋಮೀಟರ್ 1.10ರಿಂದ 1.30ರವರೆಗೆ ತೋರಿಸುತ್ತದೆ, ಆಟೋಮೊಬೈಲ್ ಅಂಗಡಿಯಲ್ಲಿ ಸಿಗುತ್ತದೆ. ಹೊಸದನ್ನೇ ಕೊಳ್ಳಿ, ಆಸಿಡ್ ಸೋಕಿದ್ದು ಬೇಡ.

ಬಿಳಿ ಗಡ್ಡೆಯನ್ನು ಬೇರ್ಪಡಿಸಿ ಬಿಡಿ. ಅದರ ಹರಳುಗಳು ಸ್ಲೈಡ್ ಪೂರ್ತಿ ತುಂಬಿ ಏನೂ ಕಾಣದಂತೆ ಮಾಡುತ್ತವೆ. ಉಳಿದದ್ದನ್ನು ತೂಗಿ. ಓತಿಯ ಹಿಕ್ಕೆ ಬಹಳ ಸಲ 0.1ರಿಂದ 0.3 ಗ್ರಾಂ ಮಾತ್ರ ಸಿಗುವುದರಿಂದ 0.01 ಗ್ರಾಂ ತೋರಿಸುವ ತಕ್ಕಡಿ ಬೇಕೇ ಬೇಕು. ಪುಟ್ಟ ಬಟ್ಟಲಲ್ಲಿ 2 ಮಿ.ಲೀ. ದ್ರಾವಣ ಹಾಕಿ ಕಡ್ಡಿಯಿಂದ ಮೆಲ್ಲಗೆ ಬಿಡಿಸಿ. ಇರುವೆಯ ತಲೆ, ಜೀರುಂಡೆಯ ರೆಕ್ಕೆಕವಚ ಕಾಣುತ್ತವೆ. ಅವನ್ನು ಎಸೆಯದೆ ಪಕ್ಕಕ್ಕಿಡಿ, ಆಹಾರದ ದಾಖಲೆಗೆ ಬೇಕು. ಈ ಕೆಲಸಕ್ಕೇ ಮೀಸಲಾದ ಟೀ ಸೋಸುವ ಜಾಲರಿಯಲ್ಲಿ ಸೋಸಿ, 5 ಮಿ.ಲೀ. ನಳಿಕೆಗೆ ಹುಯ್ದು, ಬಾಯಿಗಿಂತ ತುಸು ಉಬ್ಬುವಷ್ಟು ದ್ರಾವಣ ತುಂಬಿ. ಅದರ ಮೇಲೆ ಕವರ್‌ಸ್ಲಿಪ್ (ಸ್ಲೈಡಿಗೆ ಮುಚ್ಚುವ ತೆಳು ಗಾಜು) ಇಟ್ಟು 15ರಿಂದ 20 ನಿಮಿಷ ಅಲುಗಾಡಿಸದೆ ಬಿಡಿ. ಕವರ್‌ಸ್ಲಿಪ್ಪನ್ನು ನೇರ ಮೇಲಕ್ಕೆ ಎತ್ತಿ ಸ್ಲೈಡಿನ ಮೇಲಿಡಿ. ಅರ್ಧ ಗಂಟೆ ಮೀರಿಸಬೇಡಿ: ತೆಳು ಸಿಪ್ಪೆಯ ಮೊಟ್ಟೆ ಉಪ್ಪಿನಲ್ಲಿ ಒಳಕ್ಕೆ ಕುಸಿಯುತ್ತದೆ, ಸ್ಲೈಡಿನ ಅಂಚಿನಲ್ಲಿ ಉಪ್ಪಿನ ಹರಳು ಬೆಳೆಯುತ್ತದೆ. ನಿಧಾನವಾಗಿ ನೋಡುವವರಿಗೆ ಸಕ್ಕರೆ ದ್ರಾವಣ ಒಳ್ಳೆಯದು: 355 ಮಿ.ಲೀ. ನೀರಿಗೆ 454 ಗ್ರಾಂ ಸಕ್ಕರೆ, ಬೂಸ್ಟು ಹಿಡಿಯದಿರಲು 6 ಮಿ.ಲೀ. ಫಾರ್ಮಲಿನ್. ಅಂಟಂಟಾಗುತ್ತದೆ, ಆದರೆ ಮೊಟ್ಟೆಯ ಆಕಾರ ಹೆಚ್ಚು ಹೊತ್ತು ಉಳಿಯುತ್ತದೆ.

ಚಪ್ಪಟೆ ಹುಳುವಿನ ಮೊಟ್ಟೆ, ಮುಳ್ಳುತಲೆ ಹುಳುವಿನ ಮೊಟ್ಟೆ ಭಾರವಾದವು. ಉಪ್ಪಿನ ನೀರಿನಲ್ಲಿ ಇವು ತೇಲುತ್ತವೆಂದು ನಂಬುವಂತಿಲ್ಲ. ತೇಲಿಸುವುದನ್ನಷ್ಟೇ ಮಾಡಿ "ಚಪ್ಪಟೆ ಹುಳು ಇಲ್ಲ" ಎಂದು ಬರೆಯುವುದು ತಪ್ಪು. ತೇಲಿಸುವ ಮೊದಲೇ ಒಂದಿಷ್ಟು ಹಿಕ್ಕೆ ಉಳಿಸಿಟ್ಟುಕೊಂಡು, ಅದನ್ನು 10 ಮಿ.ಲೀ. ನೀರಿನಲ್ಲಿ ಕಲಸಿ ಸೋಸಿ, ಅರ್ಧ ಗಂಟೆ ಇಳಿಯಲು ಬಿಟ್ಟು, ಮೇಲಿನ ನೀರನ್ನು ಮೆಲ್ಲಗೆ ಬಗ್ಗಿಸಿ. ಮೇಲಿನ ನೀರು ತಿಳಿಯಾಗುವ ತನಕ ಮೂರು ಸಲ ಹೀಗೆ ಮಾಡಿ, ತಳದ ಗಷ್ಟಿಗೆ ಒಂದು ಹನಿ ಮೆಥಿಲೀನ್ ಬ್ಲೂ ಬಿಡಿ. ಕಸ ನೀಲಿಯಾಗುತ್ತದೆ, ಚಪ್ಪಟೆ ಹುಳುವಿನ ಮೊಟ್ಟೆ ಹಳದಿ-ಕಂದಾಗಿಯೇ ಉಳಿಯುತ್ತದೆ.

ಮೊಟ್ಟೆ ಗುರುತಿಸುವುದು

ಅಳತೆ ಇಲ್ಲದೆ ಗುರುತಿಲ್ಲ. ಕಣ್ಣುಮಸೂರದೊಳಗಿನ ಅಳತೆಪಟ್ಟಿಯನ್ನು ಸ್ಟೇಜ್ ಮೈಕ್ರೋಮೀಟರ್ (ನಿಖರ ಅಳತೆಗೆರೆಗಳಿರುವ ಸ್ಲೈಡ್) ಇಟ್ಟು ಪ್ರತಿ ಮಸೂರಕ್ಕೂ ಒಮ್ಮೆ ಸರಿಹೊಂದಿಸಿ, ಆ ಗುಣಕವನ್ನು ಸೂಕ್ಷ್ಮದರ್ಶಕದ ಮೇಲೇ ಅಂಟಿಸಿ. 10ರ ಮಸೂರದಲ್ಲಿ ಇಡೀ ಕವರ್‌ಸ್ಲಿಪ್ ಸಾಲು ಸಾಲಾಗಿ ನೋಡಿ, 40ರಲ್ಲಿ ಅಳೆಯಿರಿ.

ಪಿನ್‌ವರ್ಮ್ ಮೊಟ್ಟೆ ಉದ್ದವಾಗಿದ್ದು ಸಾಮಾನ್ಯವಾಗಿ ಒಂದು ಪಕ್ಕ ಚಪ್ಪಟೆಯಾಗಿರುತ್ತದೆ. ಸಿಪ್ಪೆ ದಪ್ಪ, ಉದ್ದ ಸುಮಾರು 80ರಿಂದ 130 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ಓತಿಯ ಗುದನಾಳದಲ್ಲಿರುವ ಸ್ಟ್ರಾಂಗಿಲ್ಯೂರಿಸ್ ಎಂಬ ದುಂಡುಹುಳುವಿನದು ಎರಡೂ ಕಡೆ ಸಮನಾದ ಅಂಡಾಕಾರ, ನುಣುಪು. ಫೈಸಲಾಪ್ಟೆರಾದ್ದು ಚಿಕ್ಕದು, 40ರಿಂದ 55 ಮೈಕ್ರಾನ್. ಒಳಗೆ ಸುರುಳಿ ಸುತ್ತಿದ ಮರಿ ಆಗಲೇ ಇರುತ್ತದೆ. ಊಕೊರಿಸ್ಟಿಕಾದ ಗುಂಡು ಮೊಟ್ಟೆಯೊಳಗೆ ಆರು ಕೊಕ್ಕೆ ಎಣಿಸಲು ಸಿಗಬೇಕು. ಕೊಕ್ಕೆ ಕಾಣದಿದ್ದರೆ ಲಾಡಿಹುಳು ಎಂದು ಬರೆಯಬೇಡಿ. ಮೊಟ್ಟೆಯಷ್ಟರಿಂದ ಜಾತಿಯ ಮಟ್ಟಕ್ಕೆ ಹೋಗುವುದೂ ಸಲ್ಲ. ಗುಂಪು, ಹೆಚ್ಚೆಂದರೆ ಕುಲ.

ದಾರಿ ತಪ್ಪಿಸುವವು ಬಹಳ. ಗಾಳಿಗುಳ್ಳೆಗೆ ದಪ್ಪ ಕಪ್ಪು ಅಂಚು, ಒಳಗೆ ಏನೂ ಇಲ್ಲ. ಪರಾಗಕ್ಕೆ ಮುಳ್ಳೋ ರಂಧ್ರವೋ ಇರುತ್ತದೆ. ನುಸಿಯ ಮೊಟ್ಟೆ ತುಂಬ ದೊಡ್ಡದು, ಒಳಗೆ ಕಾಲು ಮಡಚಿದ್ದು ಕಾಣಬಹುದು. ಬಂಡೆ ಓತಿಯ ಚರ್ಮದ ಮಡಿಕೆಗಳಲ್ಲಿ ಕೆಂಪು ನುಸಿ ಸಾಮಾನ್ಯವಾದ್ದರಿಂದ ಇದು ಅಪರೂಪವಲ್ಲ. ಅತಿ ಅಪಾಯದ್ದು ಜಿರಳೆಯ ಸ್ವಂತ ಪಿನ್‌ವರ್ಮ್. ಜಿರಳೆಯ ಕರುಳಿನಲ್ಲಿ ಲೈಡಿನೀಮಾ, ಹ್ಯಾಮರ್‌ಶ್ಮಿಟಿಯೆಲ್ಲಾ ಎಂಬ ಹುಳುಗಳಿವೆ. ಜಿರಳೆ ತಿಂದ ಓತಿಯ ಹಿಕ್ಕೆಯಲ್ಲಿ ಅವುಗಳ ಮೊಟ್ಟೆ ಹಾಗೇ ಹೊರಬರಬಹುದು. ನಗರದಲ್ಲಿ ಜಿರಳೆ ಹೆಚ್ಚಿದ್ದರೆ ನಗರದ ಓತಿಗೆ ಪಿನ್‌ವರ್ಮ್ ಹೆಚ್ಚು ಎಂಬ ಸುಳ್ಳು ಫಲಿತಾಂಶ ತಾನಾಗಿಯೇ ಹುಟ್ಟುತ್ತದೆ. ಒಂದೆರಡು ಮೊಟ್ಟೆ ಮಾತ್ರ ಸಿಕ್ಕಿ, ಅದೇ ಹಿಕ್ಕೆಯಲ್ಲಿ ಜಿರಳೆಯ ಕಾಲು-ರೆಕ್ಕೆ ಇದ್ದರೆ "ಅನುಮಾನ" ಎಂಬ ಬೇರೆ ಕಂಬಸಾಲಿಗೆ ಹಾಕಿ. ಅದೇ ಜಾಗದ ಕೆಲವು ಜಿರಳೆ ಹಿಡಿದು ಕರುಳು ಬಿಡಿಸಿ ನೋಡಿ, ಆ ಮೊಟ್ಟೆಗಳ ಅಳತೆ-ಚಿತ್ರ ಇಟ್ಟುಕೊಂಡರೆ ಹೋಲಿಕೆ ಸುಲಭ.

ಎಣಿಕೆ

ಮೊಟ್ಟೆ ಎಣಿಸಲೆಂದೇ ಗೆರೆ ಹಾಕಿದ ಮ್ಯಾಕ್‌ಮಾಸ್ಟರ್ ಸ್ಲೈಡಿನ ಎರಡು ಕೋಣೆಗಳಲ್ಲಿ ತಲಾ 0.15 ಮಿ.ಲೀ., ಒಟ್ಟು 0.3 ಮಿ.ಲೀ. ದ್ರಾವಣ ಗೆರೆಗಳ ಕೆಳಗಿರುತ್ತದೆ. 0.1 ಗ್ರಾಂ ಹಿಕ್ಕೆಯನ್ನು 3 ಮಿ.ಲೀ.ಗೆ ಕಲಸಿದ್ದರೆ ಕಂಡ ಪ್ರತಿ ಮೊಟ್ಟೆಯೂ ಗ್ರಾಂಗೆ 100 ಮೊಟ್ಟೆಗೆ ಸಮ; 0.2 ಗ್ರಾಂ ಆದರೆ 50ಕ್ಕೆ. ಅಂದರೆ ಕಡಿಮೆ ಮೊಟ್ಟೆಯ ಮಾದರಿಗಳು ಈ ಸ್ಲೈಡಿನಲ್ಲಿ ಸೊನ್ನೆ ತೋರಿಸುತ್ತವೆ. ಇದೆಯೋ ಇಲ್ಲವೋ ಎಂಬುದನ್ನು ಕವರ್‌ಸ್ಲಿಪ್ ವಿಧಾನದಿಂದ ತೀರ್ಮಾನಿಸಿ, ಎಷ್ಟು ಎಂಬುದನ್ನು ಮಾತ್ರ ಮ್ಯಾಕ್‌ಮಾಸ್ಟರ್‌ಗೆ ಬಿಡಿ.

ಮೊಟ್ಟೆಯ ಲೆಕ್ಕ ಹುಳುವಿನ ಲೆಕ್ಕವಲ್ಲ. ಗಂಡುಹುಳು, ಎಳೆಯ ಹುಳು ಮೊಟ್ಟೆ ಇಡುವುದಿಲ್ಲ. ಒಂದು ಹಿಕ್ಕೆಯಲ್ಲಿ ಮೊಟ್ಟೆ ಸಿಗಲಿಲ್ಲವೆಂದರೆ ಓತಿಯಲ್ಲಿ ಹುಳು ಇಲ್ಲವೆಂದೂ ಅಲ್ಲ. ಜಾಗವೊಂದಕ್ಕೆ 30 ಮಾದರಿ ನೋಡಿ ಒಂದರಲ್ಲೂ ಸಿಗದಿದ್ದರೆ, ನಿಜವಾದ ಪ್ರಮಾಣ ಶೇ. 10ರವರೆಗೂ ಇರಬಹುದು ಎಂದಷ್ಟೇ 95 ಪಾಲು ವಿಶ್ವಾಸದಿಂದ ಹೇಳಬಹುದು. 60 ನೋಡಿದ್ದರೆ ಶೇ. 5. ಇದಕ್ಕಿಂತ ಕಡಿಮೆ ಮಾದರಿಯಿಂದ "ಇಲ್ಲ" ಎಂಬ ಮಾತು ಬೇಡ.

ಇನ್ನೊಂದು ತೊಡಕು: ಹುಳುಗಳು ಓತಿಗಳಲ್ಲಿ ಸಮನಾಗಿ ಹಂಚಿಹೋಗಿರುವುದಿಲ್ಲ. ಹೆಚ್ಚಿನವು ಕೆಲವೇ ಓತಿಗಳಲ್ಲಿ ಕಿಕ್ಕಿರಿದಿರುತ್ತವೆ. ಅಂಥ ಒಂದು ಮಾದರಿ ಬಂದರೆ ಸಾಕು, ಸರಾಸರಿ ಮೇಲಕ್ಕೆ ಹಾರುತ್ತದೆ. ಸೋಂಕಿತ ಮಾದರಿಗಳ ಶೇಕಡಾ ಪ್ರಮಾಣ ಒಂದು ಕಡೆ, ಸೋಂಕಿತವುಗಳಲ್ಲಿ ಮಾತ್ರ ಮೊಟ್ಟೆಯ ನಡುಬೆಲೆ (ಮೀಡಿಯನ್) ಇನ್ನೊಂದು ಕಡೆ, ಹೀಗೆ ಪ್ರತಿ ಬಗೆಯ ಹುಳುವಿಗೂ ಬೇರೆ ಬೇರೆ ಕೊಡಿ. ದೊಡ್ಡ ಓತಿ ಹೆಚ್ಚು ದಿನ ಬದುಕಿದೆ, ಹೆಚ್ಚು ತಿಂದಿದೆ. ನಗರದ ಮಾದರಿಯಲ್ಲಿ ದೊಡ್ಡ ಗಂಡುಗಳೇ ತುಂಬಿದ್ದರೆ ವ್ಯತ್ಯಾಸ ಗಾತ್ರದ್ದು, ನಗರದ್ದಲ್ಲ.

ರಸ್ತೆಯಲ್ಲಿ ಸತ್ತ ಓತಿ ಸಿಕ್ಕರೆ

ಹೊಸ ರಸ್ತೆಗಳ ಅಂಚಿನಲ್ಲಿ ಇದು ಸಿಗುತ್ತಲೇ ಇರುತ್ತದೆ. ಅನುಮತಿ ಕೈಯಲ್ಲಿದ್ದರೆ, ಸತ್ತು ಕೆಲವೇ ಗಂಟೆಯಾಗಿದ್ದರೆ ಬಿಡಿಸಿ ನೋಡುವುದು ಹಿಕ್ಕೆಯ ಕೆಲಸಕ್ಕೆ ಆಧಾರ ಒದಗಿಸುತ್ತದೆ. ಕೊಳೆಯಲು ಶುರುವಾದ ಮೇಲೆ ಪ್ರಯೋಜನವಿಲ್ಲ, ಹುಳು ಕರಗಿಹೋಗುತ್ತದೆ. ಲೀಟರಿಗೆ 7 ಗ್ರಾಂ ಉಪ್ಪಿನ ನೀರಿನಲ್ಲಿ ಜಠರ, ಸಣ್ಣ ಕರುಳು, ಗುದನಾಳ, ಪಿತ್ತಕೋಶ, ಶ್ವಾಸಕೋಶಗಳನ್ನು ಬೇರೆ ಬೇರೆ ತಟ್ಟೆಯಲ್ಲಿಡಿ. ಒಂದೇ ತಟ್ಟೆಗೆ ಹಾಕಿದರೆ ಯಾವ ಹುಳು ಎಲ್ಲಿಯದೆಂಬ ಮಾಹಿತಿ ಹೋಯಿತು, ಗುರುತಿಗೆ ಅರ್ಧ ಆಧಾರ ಅದೇ. ಸೀದಾ ತಣ್ಣನೆಯ ಸ್ಪಿರಿಟ್‌ಗೆ ಹಾಕಿದ ದುಂಡುಹುಳು ಸುರುಳಿ ಸುತ್ತಿಕೊಳ್ಳುತ್ತದೆ. ಶೇ. 70ರ ಎಥನಾಲನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು 60-70 ಡಿಗ್ರಿಗೆ ಬಿಸಿ ಮಾಡಿ ಅದರಲ್ಲಿ ಹಾಕಿದರೆ ನೇರವಾಗಿ ನಿಲ್ಲುತ್ತದೆ. ಉರಿಯ ಮೇಲೆ ಎಥನಾಲ್ ಇಡಬೇಡಿ, ಹತ್ತಿಕೊಳ್ಳುತ್ತದೆ. ಲಾಡಿಹುಳುವನ್ನು ಮೊದಲು ತಣ್ಣೀರಿನಲ್ಲಿ ಸಡಿಲವಾಗಲು ಬಿಟ್ಟು ಆಮೇಲೆ ಸ್ಪಿರಿಟ್‌ಗೆ ಹಾಕಿ. ದುಂಡುಹುಳುವಿನ ಒಳರಚನೆ ನೋಡಲು ಲ್ಯಾಕ್ಟೋಫೀನಾಲ್‌ನ ಒಂದು ಹನಿ ಸಾಕು, ಮೈ ಪಾರದರ್ಶಕವಾಗುತ್ತದೆ. ಹಾಗೆ ಗುರುತಿಸಿದ ಹೆಣ್ಣುಹುಳುವಿನ ಹೊಟ್ಟೆಯೊಳಗಿನ ಮೊಟ್ಟೆ ಅಳೆದು ಚಿತ್ರ ತೆಗೆದಿಡಿ. ಹಿಕ್ಕೆಯಲ್ಲಿ ಕಂಡ ಮೊಟ್ಟೆಗೆ ಹೆಸರು ಕೊಡುವ ಧೈರ್ಯ ಬರುವುದು ಇದರಿಂದಲೇ.

ಹುಳು ಸಿಕ್ಕಿತೆಂದು ಓತಿಗಳಿಗೆ ಔಷಧಿ ಹಾಕುವ ಯೋಚನೆ ಬೇಡ. ಕಾಡಿನ ಓತಿ ಹುಳುವಿನೊಂದಿಗೇ ಬದುಕುತ್ತದೆ. ಸರೀಸೃಪಗಳಲ್ಲೂ ಎಲ್ಲಕ್ಕೂ ಒಂದೇ ಔಷಧಿ ಒಗ್ಗುವುದಿಲ್ಲ; ಐವರ್ಮೆಕ್ಟಿನ್ ಆಮೆಗಳ ಪ್ರಾಣ ತೆಗೆಯಬಲ್ಲದು.

ದಾಖಲೆ ಹಾಳೆಯಲ್ಲಿ ಇರಲೇಬೇಕಾದ್ದು: ಮಾದರಿ ಸಂಖ್ಯೆ, ದಿನಾಂಕ, ಹೊತ್ತು, ಜಿಪಿಎಸ್, ಹಿಕ್ಕೆ ಬಿದ್ದಿದ್ದ ನೆಲದ ಬಗೆ, ಓತಿ ಕಂಡಿದ್ದರೆ ಗಂಡು-ಹೆಣ್ಣು-ಮರಿ, ತೂಕ, ಬಳಸಿದ ದ್ರಾವಣ ಮತ್ತು ಅದರ ಸಾಂದ್ರತೆ, ನೋಡಿದವರ ಹೆಸರು, ಬಗೆವಾರು ಮೊಟ್ಟೆ, ಅನುಮಾನದವು, ಆಹಾರದ ಚೂರು. ನೋಡುವವರಿಗೆ ಮಾದರಿ ನಗರದ್ದೋ ಹಳ್ಳಿಯದ್ದೋ ಗೊತ್ತಾಗದಂತೆ ಸಂಖ್ಯೆ ಕೊಡಿ, ನಿರೀಕ್ಷೆ ಇದ್ದ ಕಡೆ ಕಣ್ಣು ಹೆಚ್ಚು ಮೊಟ್ಟೆ ಹುಡುಕುತ್ತದೆ. ಹತ್ತರಲ್ಲಿ ಒಂದು ಸ್ಲೈಡನ್ನು ಇನ್ನೊಬ್ಬರು ಮತ್ತೆ ಎಣಿಸಲಿ. ಇಬ್ಬರ ಎಣಿಕೆ ದೂರ ದೂರ ಬಂದರೆ ಆ ದಿನದ ಉಳಿದ ಸ್ಲೈಡ್‌ಗಳನ್ನೂ ಮರುಎಣಿಸಿ, ಆಮೇಲೆ ಲೆಕ್ಕಕ್ಕೆ ಸೇರಿಸಿ.